ಗೊಣಗುವವನೂ ಸುಮ್ಮನಾದವನೂ

ನೆಟ್ಟಣದ ಸುತ್ತಮುತ್ತ ನಡೆಯುವ ಮುಖ್ಯ ಕೆಲಸಗಳಲ್ಲಿ ಹೆಚ್ಚಿನವು ಯಾರ ಕಣ್ಣಿಗೂ ಬೀಳುವುದಿಲ್ಲ. ರಬ್ಬರ್ ತೋಟದ ಟ್ಯಾಪರ್ ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಒಂಟಿಯಾಗಿ ಮರದಿಂದ ಮರಕ್ಕೆ ಹೋಗುತ್ತಾನೆ. ಇಲ್ಲಿನ ಕಿದುವಿನಲ್ಲಿ 1972ರಿಂದ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವು ತೆಂಗಿನ ತಳಿಗಳ ದೊಡ್ಡ ನಿಧಿ. ಅಂಥ ಕಡೆ ಮರದ ತಲೆಯಲ್ಲಿ ಕುಳಿತು ಹಿಂಗಾರಕ್ಕೆ ಪರಾಗ ಕೊಡುವವನ ಕೈ ಏನು ಮಾಡುತ್ತಿದೆ ಎಂದು ಕೆಳಗೆ ನಿಂತವನಿಗೆ ತಿಳಿಯುವುದಿಲ್ಲ. ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರದ ಕಡೆಗೆ ಘಟ್ಟ ಹತ್ತುವ ಹಳಿಯ ಮೇಲೆ ಮಳೆಗಾಲದ ರಾತ್ರಿ ಗಸ್ತು ನಡೆಯುವ ರೈಲ್ವೆ ನೌಕರನ ಹೆಜ್ಜೆಗಳಿಗಂತೂ ಸಾಕ್ಷಿಯೇ ಇಲ್ಲ.

ಒಲ್ಲದ ಮನಸ್ಸಿನಿಂದ ಕೆಲಸ ಮಾಡುವವನನ್ನು ಮತ್ತು ಸದಾ ದೂರು ಹೇಳುವವನನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಗರದ ಕಚೇರಿಗಳಿಗೆ ಸೇರಿದ್ದು ಎಂದುಕೊಳ್ಳುವವರುಂಟು. ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾಗುವುದು ಪುತ್ತೂರು, ಸುಳ್ಯ, ಕಡಬದಂಥ ಊರುಗಳಲ್ಲಿ, ಮೇಲ್ವಿಚಾರಕನ ಕಣ್ಣು ತಲುಪದ ಇಂಥ ಕೆಲಸಗಳಲ್ಲಿ ಎಂಬುದು ನನ್ನ ನಂಬಿಕೆ. ಕಾವಲು ಕಾಯುವುದು ಸಾಧ್ಯವಿಲ್ಲದ ಕಡೆ ಕೆಲಸದ ಗುಣ ಪೂರ್ತಿಯಾಗಿ ಕೆಲಸಗಾರನ ಮನಸ್ಸಿನ ಮೇಲೆ ನಿಂತಿರುತ್ತದೆ. ಹಾಗಾಗಿ ಆ ಮನಸ್ಸು ಹೇಗೆ ಕೆಡುತ್ತದೆ, ಹೇಗೆ ಉಳಿಯುತ್ತದೆ ಎಂಬುದು ಇಲ್ಲಿ ಆಡಳಿತದ ಮೊದಲ ಪ್ರಶ್ನೆ.

ರಬ್ಬರಿನ ವಿಷಯವನ್ನೇ ನೋಡಿ. ಗಿಡ ನೆಟ್ಟು ಸುಮಾರು 7 ವರ್ಷ ಕಾಯಬೇಕು. ಕಸಿ ಕಟ್ಟಿದ ಜಾಗದಿಂದ 125 ಸೆಂ.ಮೀ. ಎತ್ತರದಲ್ಲಿ ಕಾಂಡದ ಸುತ್ತಳತೆ 50 ಸೆಂ.ಮೀ. ತಲುಪಿದ ಮೇಲೆ ಕತ್ತಿ ಇಡುತ್ತಾರೆ. ಹಾಲಿನ ನಾಳಗಳು ದಟ್ಟವಾಗಿರುವುದು ತೊಗಟೆಯ ಒಳಭಾಗದಲ್ಲಿ, ಮರವನ್ನು ಬೆಳೆಸುವ ತೆಳುಪದರಕ್ಕೆ ತಾಗಿಕೊಂಡಂತೆ. ಕತ್ತಿ ಆ ಪದರದಿಂದ ಸುಮಾರು 1 ಮಿ.ಮೀ. ಈಚೆಗೆ ನಿಲ್ಲಬೇಕು. ಅದಕ್ಕಿಂತ ಮೊದಲೇ ನಿಂತರೆ ಹಾಲು ಕಡಿಮೆ. ಮುಂದೆ ಹೋದರೆ ಮರಕ್ಕೆ ಗಾಯ. ಗಾಯವಾದ ಜಾಗದಲ್ಲಿ ಹೊಸ ತೊಗಟೆ ಗಂಟುಗಂಟಾಗಿ ಬೆಳೆಯುತ್ತದೆ. ಕೆಲವು ವರ್ಷಗಳ ನಂತರ ಅದೇ ಭಾಗಕ್ಕೆ ಮತ್ತೆ ಕತ್ತಿ ಇಡಬೇಕಾದಾಗ ಕತ್ತಿ ಸಾಗುವುದಿಲ್ಲ. ಒಂದು ಬೆಳಗಿಗೆ 300ರ ಆಸುಪಾಸು ಮರಗಳಲ್ಲಿ, ಅರೆಗತ್ತಲಿನಲ್ಲಿ, ಈ ಒಂದು ಮಿಲಿಮೀಟರಿನ ಲೆಕ್ಕ ತಪ್ಪದಂತೆ ಸಾಗುವುದು ಕಲಿತ ಕೈಯ ಕೆಲಸ. ಬೇಸತ್ತವನೂ ಸಂಜೆಗೆ ಅಷ್ಟೇ ಮರಗಳ ಲೆಕ್ಕ ಒಪ್ಪಿಸಬಲ್ಲ. ಅವನ ಬೇಸರ ಮರದ ಮೈಯಲ್ಲಿ ದಾಖಲಾಗಿ, ಧನಿಯ ಅರಿವಿಗೆ ಬರುವುದು ವರ್ಷಗಳ ಮೇಲೆ.

ತೆಂಗಿನ ಸಂಕರಣವೂ ಹೀಗೆಯೇ. ಎತ್ತರದ ತಳಿಯ ತಾಯಿಮರ ಹತ್ತಿ, ಹಿಂಗಾರದ ಗಂಡುಹೂಗಳನ್ನು ತೆಗೆದು, ಚೀಲ ಕಟ್ಟಿ, ಹೆಣ್ಣುಹೂ ಪರಾಗ ಸ್ವೀಕರಿಸುವ ದಿನಗಳಲ್ಲಿ ಗಿಡ್ಡ ತಳಿಯ ಪರಾಗವನ್ನು ಮತ್ತೆ ಮತ್ತೆ ಹತ್ತಿ ಕೊಡಬೇಕು. ಚೀಲ ಸಡಿಲವಾಗಿ ಕಟ್ಟಿದರೆ, ಒಂದಿಷ್ಟು ಗಂಡುಹೂ ಉಳಿದುಬಿಟ್ಟರೆ, ಬೇಕಾದ ಸಂಕರ ಸಿಗದೆ ಬೇರೆ ಪರಾಗದ ಕಾಯಿ ಕಟ್ಟಬಹುದು. ಕಾಯಿ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ, ಆ ಸಸಿ ಫಲ ಕೊಡಲು ಮತ್ತೆ ನಾಲ್ಕೈದು ವರ್ಷ. ಸಸಿಮಡಿಯಲ್ಲಿ ಕಣ್ಣು ತಪ್ಪಿದ ಪ್ರತಿಯೊಂದು ತಪ್ಪೂ ಯಾವುದೋ ರೈತನ ಅಂಗಳ ಸೇರುತ್ತದೆ.

ರೈಲು ಹಳಿಯ ಮೇಲೆ ತಪ್ಪಿಗೆ ಅಷ್ಟು ಸಮಯವೂ ಸಿಗುವುದಿಲ್ಲ. ಹಾಸನ–ಮಂಗಳೂರು ದಾರಿ 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆದು, 1996ರಲ್ಲಿ ಗೇಜ್ ಪರಿವರ್ತನೆಗೆ ನಿಂತು, 2006ರಲ್ಲಿ ಸರಕು ರೈಲುಗಳಿಗೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೂ ಮತ್ತೆ ಒದಗಿತು. ಅದರಲ್ಲಿ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಸುಮಾರು 55 ಕಿ.ಮೀ. ಘಟ್ಟದ ಹಾದಿ. 50 ಮೀಟರಿಗೆ ಒಂದು ಮೀಟರ್ ಏರು, 57 ಸುರಂಗ, ಸಾಲು ಸಾಲು ಸೇತುವೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಪಕ್ಕದ ಮಣ್ಣು ಜಾರಿ, ಆಗಸ್ಟ್ ಮೊದಲ ವಾರದವರೆಗೆ ರೈಲುಗಳು ನಿಂತಿದ್ದವು. ಇಂಥ ದಾರಿಯಲ್ಲಿ ಗಸ್ತಿನವನು ಕಂಡದ್ದನ್ನು ಹೇಳುತ್ತಾನೆಯೇ, ಚರಂಡಿಯ ನೀರು ನಿನ್ನೆಗಿಂತ ಕೆಸರಾಗಿದೆ ಎಂಬುದನ್ನು ಗಮನಿಸುತ್ತಾನೆಯೇ ಎಂಬುದು ನೂರಾರು ಜೀವಗಳ ಪ್ರಶ್ನೆ. ನಡೆದ ದೂರವನ್ನು ಪುಸ್ತಕದಲ್ಲಿ ಬರೆಸಿಕೊಳ್ಳಬಹುದು. ಗಮನವನ್ನು ಬರೆಸಿಕೊಳ್ಳಲು ಯಾವ ಪುಸ್ತಕವೂ ಇಲ್ಲ.

ಈಗ ಮನುಷ್ಯರ ಕಡೆಗೆ ತಿರುಗೋಣ. ತೋಟದ ಧನಿ, ಸೊಸೈಟಿಯ ಕಾರ್ಯದರ್ಶಿ, ಹೋಟೆಲ್ ಮಾಲೀಕ, ಸರ್ಕಾರಿ ಕಚೇರಿಯ ಅಧಿಕಾರಿ ಯಾರನ್ನೇ ಕೇಳಿ, ಇಬ್ಬರ ಬಗ್ಗೆ ಬೇಸರದಿಂದ ಮಾತಾಡುತ್ತಾರೆ. ಒಬ್ಬ, ಹೇಳಿದಷ್ಟು ಮಾಡಿ ಹೊರಡುವವನು. ಅವನಿಗೆ ಕೆಲಸದಲ್ಲಿ ಆಸಕ್ತಿಯಿಲ್ಲ, ಕೇಳಿದರೆ ಉತ್ತರವೂ ಇಲ್ಲ. ಇನ್ನೊಬ್ಬ, ಬೆಳಗಿನ ಚಹಾದಿಂದ ಸಂಜೆಯವರೆಗೆ ಪಿರಿಪಿರಿ ಮಾಡುವವನು. ಕತ್ತಿ ಸರಿಯಿಲ್ಲ, ಊಟ ಸರಿಯಿಲ್ಲ, ತನಗೊಂದು ನ್ಯಾಯ ಅವನಿಗೊಂದು ನ್ಯಾಯ. ಮೊದಲನೆಯವನು ಸೋಮಾರಿ, ಎರಡನೆಯವನು ತಕರಾರಿನವನು ಎಂದು ಇಬ್ಬರಿಗೂ ಬೇರೆ ಬೇರೆ ಹಣೆಪಟ್ಟಿ ಬೀಳುತ್ತದೆ. ಕೆಲಸದಿಂದ ತೆಗೆಯುವ ಸಂದರ್ಭ ಬಂದರೆ ಮೊದಲು ಹೋಗುವವನು ತಕರಾರಿನವನು. ಸುಮ್ಮನಿರುವವನಿಂದ ಉಪದ್ರವವಾದರೂ ಇಲ್ಲವಲ್ಲ ಎಂಬುದು ಲೆಕ್ಕ.

ಈ ಲೆಕ್ಕ ತಪ್ಪು. ಅನೇಕ ಸಂದರ್ಭಗಳಲ್ಲಿ ಗೊಣಗುವವನೂ ಸುಮ್ಮನಾದವನೂ ಒಂದೇ ದಾರಿಯ ಎರಡು ಹಂತಗಳಲ್ಲಿ ನಿಂತವರು. ದೂರು ಹೇಳುವವನಿಗೆ ಕೆಲಸದ ಮೇಲೆ ಇನ್ನೂ ಏನೋ ನಿರೀಕ್ಷೆ ಉಳಿದಿದೆ. ಹೇಳಿದರೆ ಸರಿಯಾದೀತು ಎಂಬ ನಂಬಿಕೆ ಪೂರ್ತಿ ಬತ್ತಿಲ್ಲ. ಅದೇ ದೂರನ್ನು ಐದಾರು ಸಲ ಹೇಳಿ, ಒಮ್ಮೆ ಗದರಿಸಿಕೊಂಡು, ಇನ್ನೊಮ್ಮೆ ನಗೆಪಾಟಲಾಗಿ, ಕೊನೆಗೆ ಹೇಳುವುದನ್ನು ಬಿಟ್ಟವನೇ ಎಷ್ಟೋ ಸಲ ಆ ಮೌನಿ. ಅವನ ಬಾಯಿ ಮುಚ್ಚಿದ ದಿನವೇ ಕೈಯ ಕಾಳಜಿಯೂ ಹೋಗಿರುತ್ತದೆ. ತಕರಾರು ನಿಂತಿತೆಂದು ಧನಿ ನೆಮ್ಮದಿಪಟ್ಟುಕೊಂಡಿರುತ್ತಾನೆ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಶ್‌ಮನ್ 1970ರಲ್ಲಿ ಪ್ರಕಟಿಸಿದ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಎಂಬ ಪುಸ್ತಕದ ಯೋಚನೆ ಹುಟ್ಟಿದ್ದು ನೈಜೀರಿಯಾದ ರೈಲ್ವೆಯನ್ನು ನೋಡಿ. ಅಲ್ಲಿ ರೈಲಿನ ಸೇವೆ ಕೆಟ್ಟಿತ್ತು, ಲಾರಿಗಳು ಪೈಪೋಟಿ ಕೊಡುತ್ತಿದ್ದವು. ಪೈಪೋಟಿ ಇದ್ದರೆ ರೈಲ್ವೆ ಸುಧಾರಿಸಬೇಕಿತ್ತು. ಆದರೆ ಸುಧಾರಿಸಲಿಲ್ಲ. ಹಿರ್ಶ್‌ಮನ್ ಕಂಡ ಕಾರಣ ಇದು: ಜೋರಾಗಿ ದೂರು ಹೇಳಬಲ್ಲ, ಒಳ್ಳೆಯ ಸೇವೆ ಏನೆಂದು ಬಲ್ಲ ಗಿರಾಕಿಗಳೇ ಮೊದಲು ಲಾರಿಯ ಕಡೆಗೆ ಹೋಗಿಬಿಟ್ಟರು. ಉಳಿದವರು ಕೇಳುವವರಲ್ಲ. ದೂರು ಹೇಳುವವರು ಹೊರಟುಹೋದಾಗ ಸಂಸ್ಥೆ ತನ್ನನ್ನು ತಿದ್ದಿಕೊಳ್ಳುವ ದಾರಿಯನ್ನೇ ಕಳೆದುಕೊಂಡಿತು.

ನಮ್ಮ ತಾಲೂಕುಗಳಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಮರ ಹತ್ತಲು ಬಲ್ಲವ, ಔಷಧಿ ಬಿಡಲು ಬಲ್ಲವ, ಟ್ಯಾಪಿಂಗ್‌ನಲ್ಲಿ ಕೈ ಪಳಗಿದವ ಬೇರೆ ತೋಟಕ್ಕೆ, ಬೆಂಗಳೂರಿಗೆ, ಗಲ್ಫಿಗೆ ಹೋಗಬಲ್ಲ. ‘ಕೆಲಸಕ್ಕೆ ಜನ ಸಿಗುವುದಿಲ್ಲ’ ಎಂಬ ಮಾತು ಮದುವೆಮನೆಯಿಂದ ಸೊಸೈಟಿಯ ಮಹಾಸಭೆಯವರೆಗೆ ಎಲ್ಲೆಡೆ ಕೇಳುತ್ತದೆ. ಹೋದವರು ಹೋಗುವ ಮೊದಲು ಏನು ಹೇಳಿದ್ದರು ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ. ಮಳೆಗಾಲದಲ್ಲಿ ಜಾರುವ ಅಡಿಕೆಮರದ ಬಗ್ಗೆ, ಬಾಕಿ ಉಳಿದ ಕೂಲಿಯ ಬಗ್ಗೆ, ಕರೆಯುವ ಧ್ವನಿಯ ಬಗ್ಗೆ ಅವರು ಹೇಳಿದ್ದು ಆಗ ನಮಗೆ ಪಿರಿಪಿರಿಯಾಗಿ ಕೇಳಿಸಿತ್ತು.

ಪ್ರಯತ್ನಕ್ಕೆ ಫಲ ಕಾಣದಿದ್ದರೆ ಮನಸ್ಸು ಹಿಂದೆಗೆಯುತ್ತದೆ ಎಂಬ ಸತ್ಯವನ್ನು ನಮ್ಮ ಕೃಷಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ತಗುಲಿ ದಶಕಗಳಾದವು. ಗುಣಪಡಿಸುವ ಮದ್ದಿಲ್ಲ. ಎಷ್ಟು ಗೊಬ್ಬರ ಹಾಕಿದರೂ, ಎಷ್ಟು ನೀರು ಕೊಟ್ಟರೂ ಇಳುವರಿ ಇಳಿಯುತ್ತಲೇ ಹೋಗುವ ತೋಟದಲ್ಲಿ ನಿಂತ ಕೃಷಿಕ ಒಂದು ದಿನ ಗೊಬ್ಬರ ಹಾಕುವುದನ್ನು ನಿಲ್ಲಿಸಿದರೆ ನಾವು ಅವನನ್ನು ಸೋಮಾರಿ ಎನ್ನುವುದಿಲ್ಲ. ಪಾಪ, ಮಾಡಿ ಏನು ಬಂತು ಎನ್ನುತ್ತೇವೆ. ಅದೇ ತಿಳಿವಳಿಕೆ ಅದೇ ತೋಟದ ಆಳಿಗೂ ಸಲ್ಲಬೇಕು. ಚೆನ್ನಾಗಿ ಮಾಡಿದರೂ ಹಾಗೇ ಮಾಡಿದರೂ ಕೂಲಿ ಅಷ್ಟೇ, ಮಾತು ಅಷ್ಟೇ, ನಾಳೆಯೂ ಇಷ್ಟೇ ಎಂದು ಹತ್ತು ವರ್ಷ ಕಂಡವನ ಕೈ ನಿಧಾನವಾದರೆ ಅದಕ್ಕೂ ಕಾರಣವಿದೆ. ಧನಿಯ ನಿರಾಸೆಗೆ ಒಂದು ನ್ಯಾಯ, ಆಳಿನ ನಿರಾಸೆಗೆ ಒಂದು ನ್ಯಾಯ ಎಂದು ಅಳೆಯುವುದು ಸರಿಯಲ್ಲ.

ಆಸಕ್ತಿಯೇ ಇಲ್ಲದ ಮನುಷ್ಯರೆಂದು ನಾವು ಬರೆದಿಟ್ಟವರನ್ನು ಕೆಲಸದ ಹೊರಗೆ ಒಮ್ಮೆ ನೋಡಬೇಕು. ಹಗಲು ಕಾಲೆಳೆಯುವ ಹುಡುಗ ರಾತ್ರಿ ಕಬಡ್ಡಿ ಪಂದ್ಯಾಟದ ಅಂಕಣ ಸಿದ್ಧಮಾಡಲು ಎರಡು ಗಂಟೆಯವರೆಗೆ ದುಡಿಯುತ್ತಾನೆ. ಭಜನಾ ಮಂಡಳಿಯ ವಾರ್ಷಿಕೋತ್ಸವಕ್ಕೆ ಚಪ್ಪರ ಹಾಕುತ್ತಾನೆ, ಯಕ್ಷಗಾನ ಬಯಲಾಟದ ದಿನ ಊಟದ ಪಂಕ್ತಿಯಲ್ಲಿ ಬೆವರಿಳಿಸಿ ಬಡಿಸುತ್ತಾನೆ, ಶ್ರಮದಾನದಲ್ಲಿ ಕಲ್ಲು ಹೊರುತ್ತಾನೆ. ಬಿಡಿಕಾಸು ಕೂಲಿಯಿಲ್ಲ. ಉತ್ಸಾಹ ಅವನಲ್ಲಿ ಇದೆ, ಕೆಲಸದ ಜಾಗಕ್ಕೆ ಅದು ಬರುತ್ತಿಲ್ಲ. ಪಂದ್ಯಾಟ, ಬಯಲಾಟಗಳ ಕಡೆ ಅವನ ಅಭಿಪ್ರಾಯ ಕೇಳುವವರಿದ್ದಾರೆ, ಮಾಡಿದ್ದು ಕಣ್ಣೆದುರು ಕಾಣುತ್ತದೆ, ಜೊತೆಗಾರರಿದ್ದಾರೆ, ಮರುದಿನ ಅವನ ಹೆಸರು ಹೇಳಿ ಮೆಚ್ಚುವವರಿದ್ದಾರೆ. ಈ ನಾಲ್ಕರಲ್ಲಿ ಎಷ್ಟು ನಮ್ಮ ತೋಟದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಇವೆ ಎಂದು ಪ್ರತಿಯೊಬ್ಬ ಯಜಮಾನನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಸುಳ್ಯ, ಪುತ್ತೂರು, ಸುಬ್ರಹ್ಮಣ್ಯ ಕಡೆಯ ಸರ್ಕಾರಿ ರಬ್ಬರ್ ತೋಟಗಳ ಚರಿತ್ರೆ ಇಲ್ಲಿ ನೆನಪಾಗುತ್ತದೆ. 1964ರ ಅಕ್ಟೋಬರಿನಲ್ಲಿ ಸಿರಿಮಾವೋ ಬಂಡಾರನಾಯಿಕೆ ಮತ್ತು ಲಾಲ್ ಬಹಾದುರ್ ಶಾಸ್ತ್ರಿಯವರ ನಡುವೆ ಆದ ಒಪ್ಪಂದದಂತೆ ಶ್ರೀಲಂಕಾದಿಂದ ಭಾರತಕ್ಕೆ ಮರಳಿದ ತಮಿಳು ಕುಟುಂಬಗಳಲ್ಲಿ ಅನೇಕವು ಇಲ್ಲಿಗೆ ಬಂದವು. ಅವರಿಗೆ ಆಸರೆಯಾದದ್ದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳ ಕೆಲಸ ಮತ್ತು ಅಲ್ಲಿಯ ವಸತಿ. ಕಂಡರಿಯದ ಊರಿನಲ್ಲಿ, ತಿಳಿಯದ ಭಾಷೆಯ ನಡುವೆ, ಆ ಪೀಳಿಗೆ ಮರಕ್ಕೆ ಕತ್ತಿ ಇಟ್ಟು ಬದುಕು ಕಟ್ಟಿತು. ಅವರಿಗೆ ಈ ಕೆಲಸ ಅನ್ನದ ದಾರಿ, ನೆಲೆಯ ದಾರಿ. ಅವರ ಮಕ್ಕಳು ಇಲ್ಲಿಯೇ ಹುಟ್ಟಿ, ಇಲ್ಲಿನ ಶಾಲೆಗಳಲ್ಲಿ ಕಲಿತವರು. ತಾಯಿಗೆ ಆಶ್ರಯವಾಗಿದ್ದ ಕೆಲಸ ಮಗನಿಗೆ ತಾನು ಆರಿಸಿಕೊಳ್ಳದ ಹೊರೆ ಎನಿಸಿದರೆ ಅವನನ್ನು ದೂರಲಾಗದು. ಒಂದು ಪೀಳಿಗೆಯನ್ನು ದುಡಿಸಿದ ಕಾರಣವೇ ಮುಂದಿನ ಪೀಳಿಗೆಯನ್ನೂ ದುಡಿಸುತ್ತದೆ ಎಂದುಕೊಳ್ಳುವುದು ನಮ್ಮ ಖಾಸಗಿ ತೋಟಗಳಲ್ಲೂ ನಡೆಯುವ ದೊಡ್ಡ ತಪ್ಪು. ‘ಇವನ ಅಪ್ಪ ಹೀಗಿರಲಿಲ್ಲ’ ಎಂಬ ಮಾತಿನಲ್ಲಿ ಅಪ್ಪನಿಗೆ ಬೇರೆ ದಾರಿ ಇರಲಿಲ್ಲ ಎಂಬ ಅಂಶ ಬಿಟ್ಟುಹೋಗುತ್ತದೆ.

ಹಾಗಾದರೆ ದೂರುಗಳನ್ನೆಲ್ಲ ಪರಿಹರಿಸಿಬಿಟ್ಟರೆ ಉತ್ಸಾಹ ತಾನಾಗಿ ಹುಟ್ಟುತ್ತದೆಯೇ? ಅಷ್ಟು ಸುಲಭವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಎಂಜಿನಿಯರರನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಮಂಡಿಸಿದ ವಿಚಾರದಂತೆ, ಬೇಸರ ತರಿಸುವ ಸಂಗತಿಗಳೂ ತೃಪ್ತಿ ಕೊಡುವ ಸಂಗತಿಗಳೂ ಬೇರೆ ಬೇರೆ. ಕೂಲಿ, ವಸತಿ, ಮೇಲಿನವರ ವರ್ತನೆ ಕೆಟ್ಟಿದ್ದರೆ ಮನಸ್ಸು ಕೆಡುತ್ತದೆ. ಅವು ಸರಿಯಾದರೆ ಅಸಮಾಧಾನ ಹೋಗುತ್ತದೆ, ಅಷ್ಟೇ. ಹುಮ್ಮಸ್ಸು ಬರುವುದು ಸಾಧಿಸಿದೆನೆಂಬ ಭಾವದಿಂದ, ಮನ್ನಣೆಯಿಂದ, ಹೊಣೆಯಿಂದ, ಕೆಲಸದ ಒಳಗಿನ ಸ್ವಾರಸ್ಯದಿಂದ. ಈ ಸಿದ್ಧಾಂತವನ್ನು ಪ್ರಶ್ನಿಸಿದವರಿದ್ದಾರೆ. ಬಡವನ ಮಟ್ಟಿಗೆ ಕೂಲಿ ಕೂಡ ಮನ್ನಣೆಯ ಭಾಗವೇ ಎಂಬುದು ನನ್ನ ಅಭಿಪ್ರಾಯ. ಆದರೆ ಅದರಿಂದ ಒಂದು ಕ್ರಮ ಸ್ಪಷ್ಟವಾಗುತ್ತದೆ. ಸೋರುವ ಸೂರಿನ ಕೆಳಗೆ ಮಲಗಿ ಬಂದವನಿಗೆ ಕೆಲಸದ ಹಿರಿಮೆಯ ಬಗ್ಗೆ ಭಾಷಣ ಮಾಡುವುದು ಅನ್ಯಾಯ. ಸೂರು ರಿಪೇರಿ ಮಾಡಿಸಿ, ಇನ್ನು ಅವನು ಹುರುಪಿನಿಂದ ದುಡಿಯಲೇಬೇಕು ಎಂದು ಕಾಯುವುದು ಅಜ್ಞಾನ. ಮೊದಲು ದೂರಿಗೆ ಉತ್ತರ, ಆಮೇಲೆ ಕೆಲಸಕ್ಕೆ ಅರ್ಥ. ಎರಡೂ ಬೇಕು, ಇದೇ ಅನುಕ್ರಮದಲ್ಲಿ ಬೇಕು.

ದೂರಿಗೆ ಉತ್ತರ ಕೊಡಬೇಕಾದರೆ ಅದನ್ನು ಬಿಡಿಸಿ ನೋಡಲು ಕಲಿಯಬೇಕು. ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 1930ರವರೆಗೆ 21,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಿದ್ದರು. ಹೇಳುವ ದೂರಿನ ಹಿಂದೆ ಹೇಳದ ಇನ್ನೊಂದು ನೋವು ಇರಬಹುದು ಎಂಬುದು ಅಲ್ಲಿನ ಮುಖ್ಯ ತಿಳಿವಳಿಕೆಗಳಲ್ಲಿ ಒಂದು. ಊಟದ ಬಗ್ಗೆ ಗೊಣಗುವವನಿಗೆ ನಿಜವಾಗಿ ನೋವಾದದ್ದು ತನ್ನನ್ನು ಬೇರೆ ಕೂರಿಸಿ ಬಡಿಸಿದ್ದಕ್ಕೆ ಇರಬಹುದು. ನಮ್ಮ ಕಡೆ ಈ ಮಾತನ್ನು ಹೇಳಲೇಬೇಕು. ಹೊಸ ಆಳಿಗೂ ಹಳೆಯ ಆಳಿಗೂ, ಒಂದು ಜಾತಿಯವನಿಗೂ ಇನ್ನೊಂದು ಜಾತಿಯವನಿಗೂ ಲೋಟ, ತಟ್ಟೆ, ಕೂರುವ ಜಾಗ ಬೇರೆಯಾಗಿದ್ದರೆ ಆ ದೂರನ್ನು ಅವನು ಬಾಯಿಬಿಟ್ಟು ಹೇಳಲಾರ. ಅದು ಚಹಾ ತಣ್ಣಗಿದೆ ಎಂಬ ರೂಪದಲ್ಲಿ ಹೊರಗೆ ಬರುತ್ತದೆ. ಆದರೆ ಹಾಥಾರ್ನ್‌ನಿಂದ ತಪ್ಪು ಪಾಠವನ್ನೂ ಕಲಿಯಬಹುದು. ಕಿವಿಗೊಟ್ಟು ಕೇಳಿದರೆ ಸಾಕು, ಮನಸ್ಸು ಹಗುರಾಗುತ್ತದೆ ಎಂದುಕೊಂಡು, ಕೇಳಿದ ಮೇಲೆ ಏನೂ ಮಾಡದಿರುವುದು ಆ ತಪ್ಪು. ಕೇಳಿಯೂ ಮಾಡದವನು ಕೇಳದವನಿಗಿಂತ ಹೆಚ್ಚು ನಂಬಿಕೆ ಕಳೆಯುತ್ತಾನೆ.

ನನ್ನ ದೃಷ್ಟಿಯಲ್ಲಿ ದೂರು ಮೂರು ಬಗೆ. ಕತ್ತಿಗೆ ಸಾಣೆಯಿಲ್ಲ, ಏಣಿಯ ಮೆಟ್ಟಿಲು ಅಲುಗುತ್ತದೆ, ಮಳೆಗಾಲದ ಪ್ಲಾಸ್ಟಿಕ್ ಕಟ್ಟುವುದು ತಡವಾಯಿತು ಎಂಬುವು ಕೆಲಸದ ದೂರುಗಳು. ಅವು ನಿಜವಾಗಿ ಮಾಹಿತಿ. ಅದೇ ದಿನ ಅಥವಾ ಅದೇ ವಾರ ಮುಗಿಸಬೇಕು. ಕೂಲಿ, ರಜೆ, ಮರ್ಯಾದೆ, ಪಕ್ಷಪಾತ ಎಂಬುವು ನ್ಯಾಯದ ದೂರುಗಳು. ಅವಕ್ಕೆ ಸಮಯ ಹಿಡಿಯಬಹುದು, ಆದರೆ ದಿನಾಂಕ ಹಾಕಿ ಬರೆದಿಟ್ಟು, ಇಂಥ ದಿನದೊಳಗೆ ಹೇಳುತ್ತೇನೆ ಎಂದು ಮಾತು ಕೊಟ್ಟು, ಆ ದಿನ ಉತ್ತರ ಹೇಳಬೇಕು. ಆಗುವುದಿಲ್ಲ, ಕಾರಣ ಇದು ಎನ್ನುವುದೂ ಉತ್ತರವೇ. ನೋಡೋಣ ಎನ್ನುವುದು ಉತ್ತರವಲ್ಲ. ಮೂರನೆಯದು ಅಭ್ಯಾಸದ ದೂರು. ಪರಿಹಾರ ಸಿಕ್ಕ ಮರುದಿನವೇ ಬೇರೆಯದು ಹುಟ್ಟುತ್ತದೆ. ಮೊದಲೆರಡನ್ನು ನಿಷ್ಠೆಯಿಂದ ಮುಗಿಸಿದ ಯಜಮಾನನಿಗೆ ಮಾತ್ರ ಮೂರನೆಯದನ್ನು ಗುರುತಿಸುವ ಅಧಿಕಾರ. ಮೊದಲೇ ಎಲ್ಲವನ್ನೂ ಅಭ್ಯಾಸದ ಗೊಣಗಾಟ ಎಂದು ತಳ್ಳಿಹಾಕಿದವನಿಗೆ ಅವುಗಳ ವ್ಯತ್ಯಾಸ ಎಂದೂ ತಿಳಿಯುವುದಿಲ್ಲ.

ಪಕ್ಕದಲ್ಲಿ ಕೆಲಸ ಮಾಡುವವನ ಕಷ್ಟ ಬೇರೆ. ಧನಿಗೆ ದೂರು ಕೇಳಿಸುವುದು ವಾರಕ್ಕೊಮ್ಮೆ, ಜೊತೆಗಾರನಿಗೆ ದಿನವಿಡೀ. ಧನಿಯ ಮೇಲಿನ ಸಿಟ್ಟೆಲ್ಲ ಅವನ ಕಿವಿಗೆ ಬೀಳುತ್ತದೆ, ಅವನ ಕೈಯಲ್ಲಿ ಪರಿಹಾರವಿಲ್ಲ. ಹೌದೌದು ಎಂದು ತಲೆಯಾಡಿಸಿದರೆ ಗೊಣಗಾಟ ಬೆಳೆಯುತ್ತದೆ, ಸುಮ್ಮನಿರು ಮಾರಾಯ ಎಂದರೆ ಸ್ನೇಹ ಕೆಡುತ್ತದೆ. ಇಲ್ಲಿ ಉಪಯೋಗಕ್ಕೆ ಬರುವುದು ಪ್ರೀತಿಯಿಂದ ಕೇಳಿದ ಒಂದು ಪ್ರಶ್ನೆ: ‘ಇದನ್ನು ಸರಿಮಾಡಬಲ್ಲವರು ಯಾರು, ಅವರಿಗೆ ಹೇಳಿದ್ದೀಯಾ?’ ಹೇಳಿಲ್ಲವಾದರೆ ಜೊತೆಗೆ ಹೋಗಿ ಹೇಳುವುದು ಗೆಳೆತನ. ಹೇಳಿಯೂ ಆಗಿಲ್ಲವಾದರೆ ಅದು ಇಬ್ಬರ ದೂರು, ಇಬ್ಬರೂ ಸೇರಿ ಹೇಳಬೇಕು. ಹೇಳಲು ಮನಸ್ಸಿಲ್ಲ, ಗೊಣಗಲು ಮಾತ್ರ ಮನಸ್ಸು ಎಂದಾದರೆ, ತನ್ನ ಕಿವಿಗೂ ಒಂದು ಮಿತಿ ಇದೆ ಎಂದು ಮೆತ್ತಗೆ ಹೇಳುವ ಹಕ್ಕು ಜೊತೆಗಾರನಿಗಿದೆ. ಇನ್ನೊಬ್ಬರ ಬೇಸರವನ್ನು ಹೊತ್ತು ತಾನೂ ಬೇಸತ್ತವನಿಂದ ಯಾರಿಗೂ ಉಪಕಾರವಿಲ್ಲ.

ಮೌನಿಯನ್ನು ಮಾತಾಡಿಸುವುದು ಇದಕ್ಕಿಂತ ಕಷ್ಟ. ಅವನು ದೂರನ್ನೂ ಕೊಡುವುದಿಲ್ಲ. ಎಲ್ಲರೆದುರು ಬುದ್ಧಿ ಹೇಳುವುದರಿಂದ ಅವನು ಇನ್ನಷ್ಟು ಒಳಗೆ ಸರಿಯುತ್ತಾನೆ. ಅವನು ಮೊದಲಿನಿಂದಲೂ ಹೀಗಿದ್ದನೇ, ಯಾವಾಗ ಬದಲಾದ, ಆಗ ಏನಾಗಿತ್ತು ಎಂದು ಹಿಂದಕ್ಕೆ ಹೋಗಿ ನೋಡಬೇಕು. ಮನೆಯಲ್ಲಿ ಕಾಯಿಲೆ, ಸಾಲ, ಕುಡಿತ, ಕಿರಿಯನೊಬ್ಬನನ್ನು ತನ್ನ ಮೇಲೆ ಮೇಸ್ತ್ರಿಯಾಗಿ ಇಟ್ಟ ಅವಮಾನ, ಇವೆಲ್ಲ ಹೊರಗಿನಿಂದ ನೋಡಿದರೆ ಒಂದೇ ತರಹದ ನಿಧಾನಗತಿಯಾಗಿ ಕಾಣುತ್ತವೆ. ಮದ್ದು ಮಾತ್ರ ಬೇರೆ ಬೇರೆ. ಕೆಲಸ ಗೊತ್ತಿಲ್ಲದವನಿಗೆ ಕಲಿಕೆ ಬೇಕು, ಕೆಲಸ ಮೀರಿದವನಿಗೆ ಬೇರೆ ಹೊಣೆ ಬೇಕು, ನೊಂದವನಿಗೆ ನ್ಯಾಯ ಬೇಕು. ಮೂವರಿಗೂ ಒಂದೇ ಗದರಿಕೆ ಬಳಸುವುದೇ ನಮ್ಮಲ್ಲಿ ಹೆಚ್ಚು.

ಕೆಲವೊಮ್ಮೆ ದೋಷ ಕೆಲಸದ ರೂಪದಲ್ಲಿಯೇ ಇರುತ್ತದೆ. ತೆಂಗಿನಮರ ಹತ್ತಲು ಹುಡುಗರು ಬರುವುದಿಲ್ಲ, ಈಗಿನವರಿಗೆ ಮೈ ಬಗ್ಗುವುದಿಲ್ಲ ಎಂದು ಕರಾವಳಿಯುದ್ದಕ್ಕೂ ಹೇಳುತ್ತಿದ್ದ ಕಾಲದಲ್ಲಿ, 2011ರಲ್ಲಿ, ತೆಂಗು ಅಭಿವೃದ್ಧಿ ಮಂಡಳಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಆರಂಭಿಸಿತು. ಹತ್ತುವ ಯಂತ್ರ, ಆರು ದಿನಗಳ ಶಿಬಿರ, ಅಪಘಾತ ವಿಮೆ. ಓದಿದ ಯುವಕರೂ ಹೆಂಗಸರೂ ಅದರಲ್ಲಿ ಸೇರಿದರು. ಮರದ ಎತ್ತರ ಕಡಿಮೆಯಾಗಿರಲಿಲ್ಲ. ಬಿದ್ದರೆ ಗತಿಯೇನು ಎಂಬ ಭಯಕ್ಕೆ ಉತ್ತರ ಸಿಕ್ಕಿತ್ತು, ಕೆಲಸಕ್ಕೆ ಒಂದು ಗೌರವ ಬಂದಿತ್ತು. ಅಡಿಕೆ ತೋಟಗಳಲ್ಲಿ ನೆಲದಲ್ಲೇ ನಿಂತು ಗೊನೆ ತೆಗೆಯುವ, ಔಷಧಿ ಬಿಡುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೂ ಇದೇ ಕಂಡಿತು. ಮರ ಹತ್ತಲು ಒಲ್ಲೆ ಎಂದವರಲ್ಲಿ ಎಷ್ಟೋ ಮಂದಿ ದೋಟಿ ಹಿಡಿಯಲು ಒಲ್ಲೆ ಎನ್ನಲಿಲ್ಲ. ಸೋಮಾರಿತನ ಎಂದು ನಾವು ಕರೆದದ್ದರಲ್ಲಿ ದೊಡ್ಡ ಪಾಲು ಜೀವಭಯವಾಗಿತ್ತು.

ಇಷ್ಟೆಲ್ಲ ಮಾಡಿದ ಮೇಲೂ ಮೈಗಳ್ಳತನ ಇಲ್ಲವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಇದೆ. ನ್ಯಾಯವಾದ ಕೂಲಿ, ಕಲಿಕೆ, ಸಮಯ, ಗೌರವ ಎಲ್ಲ ಕೊಟ್ಟ ಮೇಲೂ ತನ್ನ ಪಾಲನ್ನು ಬೇರೆಯವರ ಹೆಗಲಿಗೆ ಹಾಕುವವರಿದ್ದಾರೆ. ಅಂಥವನನ್ನು ಸಹಿಸಿಕೊಂಡೇ ಇರುವುದು ದಯೆಯಂತೆ ತೋರುತ್ತದೆ. ವಾಸ್ತವದಲ್ಲಿ ಅದು ಚೆನ್ನಾಗಿ ದುಡಿಯುವವನಿಗೆ ಮಾಡುವ ಅನ್ಯಾಯ. ತನ್ನಷ್ಟೇ ಕೂಲಿ ಪಡೆದು ಅರ್ಧ ಮಾಡುವವನನ್ನು ದಿನವೂ ನೋಡುವ ಒಳ್ಳೆಯ ಕೆಲಸಗಾರನೇ ಮುಂದಿನ ಮೌನಿ. ಆದ್ದರಿಂದ ಏನು ನಿರೀಕ್ಷೆ, ಎಷ್ಟು ಕಾಲ, ತಪ್ಪಿದರೆ ಏನು ಎಂಬುದನ್ನು ಮೊದಲೇ ಸ್ಪಷ್ಟವಾಗಿ, ಏಕಾಂತದಲ್ಲಿ ಹೇಳಿ, ಅವಧಿ ಮುಗಿದಾಗ ಹೇಳಿದಂತೆ ನಡೆಯಬೇಕು. ಬಿಡಿಸುವುದಾದರೆ ಬಾಕಿ ಪೂರ್ತಿ ಕೊಟ್ಟು ಮರ್ಯಾದೆಯಿಂದ ಬಿಡಿಸಬೇಕು. ಅವನನ್ನು ಹೇಗೆ ಕಳುಹಿಸಿದರು ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ.

ಸಣ್ಣ ಹಿಡುವಳಿದಾರರು ಇಲ್ಲಿ ಒಂದು ಆಕ್ಷೇಪ ಎತ್ತುವುದು ಸಹಜ. ಅಡಿಕೆಯ ಧಾರಣೆ ತಮ್ಮ ಕೈಯಲ್ಲಿಲ್ಲ, ಕೊಳೆರೋಗ ಬಂದರೆ ಬೆಳೆ ಕೈಯಲ್ಲಿಲ್ಲ, ಎರಡು ಎಕರೆಯವನು ಎಲ್ಲಿಂದ ಈ ಸವಲತ್ತು ತರಬೇಕು? ಆಕ್ಷೇಪದಲ್ಲಿ ಹುರುಳಿದೆ. ಆದರೆ ಮೇಲೆ ಹೇಳಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಹಣ ಬೇಡ. ಕೂಲಿಯನ್ನು ಹೇಳಿದ ದಿನ ಕೊಡುವುದಕ್ಕೆ ಹೆಚ್ಚಿನ ಕೂಲಿ ಬೇಕಾಗಿಲ್ಲ. ಯಾವ ಸಾಲಿನಿಂದ ಶುರುಮಾಡುವುದು ಎಂದು ಮರ ಬಲ್ಲವನನ್ನೇ ಕೇಳುವುದಕ್ಕೆ, ಈ ಸಲ ಕೆಟ್ಟ ಅಡಿಕೆ ಕಡಿಮೆಯಾದದ್ದು ನಿಮ್ಮ ಕೆಲಸದಿಂದ ಎಂದು ಹೆಸರು ಹಿಡಿದು ಹೇಳುವುದಕ್ಕೆ ಖರ್ಚಿಲ್ಲ. ಧಾರಣೆ ಇಳಿದದ್ದರಿಂದ ಈ ವರ್ಷ ಕೂಲಿ ಏರಿಸಲಾಗದು ಎಂದು ಲೆಕ್ಕ ಮುಂದಿಟ್ಟು ಹೇಳುವ ಧನಿಯನ್ನು ಕೆಲಸಗಾರ ಅರ್ಥಮಾಡಿಕೊಳ್ಳುತ್ತಾನೆ. ಅವನೂ ಮಾರುಕಟ್ಟೆಯ ಸುದ್ದಿ ಕೇಳುವವನೇ.

ಉತ್ತರದ ರಾಜ್ಯಗಳಿಂದ ದುಡಿಯಲು ಬಂದವರ ಬಗ್ಗೆ ಒಂದು ಮಾತು. ಅವರು ತಕರಾರು ಮಾಡುವುದಿಲ್ಲ, ಹೇಳಿದ್ದು ಮಾಡುತ್ತಾರೆ ಎಂದು ಹೊಗಳುವುದುಂಟು. ತಕರಾರಿಲ್ಲದಿರುವುದಕ್ಕೆ ದೊಡ್ಡ ಕಾರಣ ಭಾಷೆ ಇಲ್ಲದಿರುವುದು, ಊರಿನಲ್ಲಿ ತನ್ನವರು ಯಾರೂ ಇಲ್ಲದಿರುವುದು. ಅವರ ಮೌನವನ್ನು ಸಮಾಧಾನ ಎಂದುಕೊಂಡವರಿಗೆ ಅವರು ಒಂದು ಬೆಳಗ್ಗೆ ರೈಲು ಹತ್ತಿ ಹೋದಾಗ ಆಶ್ಚರ್ಯವಾಗುತ್ತದೆ. ಅವರ ಮಾತನ್ನು ಬಲ್ಲ ಒಬ್ಬರನ್ನು ತಿಂಗಳಿಗೊಮ್ಮೆಯಾದರೂ ನಡುವೆ ಕೂರಿಸಿ ಕೇಳುವುದು ಯಜಮಾನನ ಕರ್ತವ್ಯ.

ಕಾನೂನು ಈ ವಿಷಯವನ್ನು ಗುರುತಿಸಿದೆ. ಕೈಗಾರಿಕಾ ವಿವಾದ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ, 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಇಬ್ಬದಿಯವರೂ ಸಮನಾಗಿರುವ ಅಹವಾಲು ಸಮಿತಿ ಇರಬೇಕು, 45 ದಿನಗಳಲ್ಲಿ ತೀರ್ಮಾನವಾಗಬೇಕು ಎಂದಿತು. 2020ರ ಕೈಗಾರಿಕಾ ಸಂಬಂಧ ಸಂಹಿತೆ ಆ ಗಡುವನ್ನು 30 ದಿನಕ್ಕೆ ಇಳಿಸಿತು. 1951ರ ತೋಟ ಕಾರ್ಮಿಕರ ಕಾಯ್ದೆ ಚಹಾ, ಕಾಫಿ, ರಬ್ಬರ್‌ನಂಥ ಬೆಳೆಗಳ ತೋಟಗಳಿಗೆ ವಸತಿ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯಗಳ ಹೊಣೆ ಹೊರಿಸಿತ್ತು. ಆ ಪಟ್ಟಿಯಲ್ಲಿ ಅಡಿಕೆ ಇರಲಿಲ್ಲ. ಹೀಗಾಗಿ ಬೇಲಿಯ ಆಚೆ ದೊಡ್ಡ ರಬ್ಬರ್ ತೋಟದಲ್ಲಿ ಹಕ್ಕಾಗಿದ್ದದ್ದು ಬೇಲಿಯ ಈಚೆ ಅಡಿಕೆ ತೋಟದಲ್ಲಿ ಧನಿಯ ದೊಡ್ಡತನವಾಗಿ ಉಳಿಯಿತು. ನಾಲ್ಕೈದು ಜನರ ತೋಟಕ್ಕೆ ಸಮಿತಿ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಕಾನೂನಿನ ತಿರುಳಾದ ಗಡುವು ಮತ್ತು ಉತ್ತರವನ್ನು ಪಾಲಿಸಲು ಕಾನೂನು ಒತ್ತಾಯಿಸುವವರೆಗೆ ಕಾಯಬೇಕಾಗಿಲ್ಲ.

ಕೂಲಿಗೆ ಸಿಗುವುದು ಕೆಲಸಗಾರನ ಹೊತ್ತು. ಕತ್ತಲಲ್ಲಿ ಮರದ ತೊಗಟೆಗೆ ಒಂದು ಮಿಲಿಮೀಟರ್ ಉಳಿಸುವ ಕಾಳಜಿ ಅವನಾಗಿ ಕೊಟ್ಟರೆ ಮಾತ್ರ ಸಿಗುತ್ತದೆ. ಅದನ್ನು ಕೊಡುವ ಮೊದಲು ಅವನು ನಮ್ಮನ್ನು ಪರೀಕ್ಷಿಸುತ್ತಾನೆ, ಆ ಪರೀಕ್ಷೆಯ ಹೆಸರೇ ದೂರು. ಆದ್ದರಿಂದ ನಮ್ಮ ತೋಟ, ಸೊಸೈಟಿ, ಕಚೇರಿಗಳಲ್ಲಿ ಯಾರನ್ನಾದರೂ ಆಸಕ್ತಿಯಿಲ್ಲದವನೆಂದು ತೀರ್ಮಾನಿಸುವ ಮೊದಲು, ಅವನು ಕೊನೆಯ ಸಲ ಏನು ಕೇಳಿದ್ದ, ನಾವು ಯಾವ ಉತ್ತರ ಕೊಟ್ಟೆವು ಎಂದು ದಿನಾಂಕ ಸಹಿತ ಹೇಳಲು ನಮಗೆ ಆಗಬೇಕು. ಹೇಳಲಾಗದಿದ್ದರೆ ತಿದ್ದುವ ಕೆಲಸ ನಮ್ಮಿಂದ ಆರಂಭವಾಗಬೇಕು. ಹೇಳಬಲ್ಲೆವಾದರೆ, ಅವನಿಂದ ಪೂರ್ತಿ ಕೆಲಸ ಕೇಳುವ ಹಕ್ಕು ನಮಗಿದೆ, ಅದನ್ನು ಸಂಕೋಚವಿಲ್ಲದೆ ಕೇಳಬೇಕು.